ಜೂನಿಯರ್‌ನ ಸ್ವಂತ ದನಿ

ಕುರ್ಚಿಯಲ್ಲಿ ಕೂತ ಕೂಡಲೇ ಫೋನ್ ತೆಗೆದು, ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ, ಎಲ್ಲ ಮುಗಿದ ಮೇಲೆ ಕನ್ನಡಿ ನೋಡಿ 'ಎರಡೂ ಕಡೆ ಸಮ ಬಂದಿಲ್ವಲ್ಲ' ಎನ್ನುವ ಗಿರಾಕಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. 'ಸ್ವಲ್ಪ ಮಾತ್ರ ತೆಗೀರಿ' ಎಂದು ಹೇಳಿ, ಸ್ವಲ್ಪವೇ ತೆಗೆದರೆ 'ಏನೂ ತೆಗ್ದೇ ಇಲ್ವಲ್ಲ' ಎನ್ನುವವನು ಇನ್ನೊಬ್ಬ. ಕೆನ್ನೆಗೆ ನೊರೆ ಹಚ್ಚಿ ಕತ್ತಿ ಇಟ್ಟಿರುವಾಗಲೇ ಫೋನ್ ಎತ್ತಿ ಹೆಂಡತಿಯ ಜೊತೆ ಜಗಳಕ್ಕೆ ಇಳಿಯುವವನು ಮತ್ತೊಬ್ಬ. ಇವರನ್ನೆಲ್ಲ ಒಂದೇ ಬೆಂಚಿನ ಮೇಲೆ ಕೂರಿಸಿ ನುಣ್ಣಗೆ ಬೋಳಿಸಿ ಕಳಿಸಬೇಕು ಅಂತ ಎಷ್ಟೋ ಸಲ ಅನ್ನಿಸಿದೆ. ಅನ್ನಿಸಿದ್ದನ್ನೆಲ್ಲ ಮಾಡುವ ಹಾಗಿದ್ದರೆ ಅಂಗಡಿ ನಡೆಯುವುದಿಲ್ಲ.

ಸಿನಿಮಾ ಥಿಯೇಟರಿನಲ್ಲಿ ಸಿಗುವವರ ಕಥೆ ಬೇರೆ. ಹಿಂದಿನ ಸೀಟಿನಿಂದ ಬೆನ್ನಿಗೆ ಮೊಣಕಾಲು ಒತ್ತುವವರು, 'ಈಗ ನೋಡು, ಇವನೇ ಕೊಲೆಗಾರ' ಎಂದು ಪಕ್ಕದವಳಿಗೆ ಮೊದಲೇ ಹೇಳಿ ಸುತ್ತಲಿದ್ದವರ ಹೊಟ್ಟೆ ಉರಿಸುವವರು, ಹೀರೋ ಅಳುವಾಗ ಕಿಸಕ್ಕನೆ ನಗುವವರು. ಇವರಿಗೆಲ್ಲ ಕಿರೀಟವೆಂದರೆ ಪರದೆಗೆ ಅಡ್ಡವಾಗಿ ಫೋನ್ ಎತ್ತಿ ಹಿಡಿದು ಹೀರೋ ಎಂಟ್ರಿಯನ್ನು ವಿಡಿಯೋ ಮಾಡುವವರು. ಈ ಕೊನೆಯ ಗುಂಪಿಗೆ ನಾನೂ ಸೇರಿದವನೇ. ಆದರೆ ನಾನು ಎತ್ತುತ್ತಿದ್ದುದು ನಮ್ಮ ಗುಡುಗಣ್ಣ ಪರದೆಯ ಮೇಲೆ ಬರುವಾಗ ಮಾತ್ರ, ಆದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದು ವಾದಿಸುತ್ತಿದ್ದೆ. ನನ್ನ ಅಣ್ಣ ಒಪ್ಪುತ್ತಿರಲಿಲ್ಲ.

ನಾನು ಹೇಳಹೊರಟಿರುವುದು ಆ ಅಣ್ಣನ ಕಥೆ.

ನಮ್ಮದು ಎರಡು ಕುರ್ಚಿಯ ಸಲೂನು. ಬಾಗಿಲ ಕಡೆಯದು ಅಣ್ಣನ ಕುರ್ಚಿ, ಒಳಗಡೆಯದು ನನ್ನದು. ಹಿಂಗೋಡೆಯ ಆಚೆಗೆ ಒಂದು ಹಳೆಯ ಥಿಯೇಟರು. ಪರದೆ ಇರುವುದು ಸರಿಯಾಗಿ ನಮ್ಮ ಕನ್ನಡಿಯ ಬೆನ್ನಿಗೆ. ಅಲ್ಲಿ ಬಾಂಬು ಸಿಡಿದರೆ ನಮ್ಮಲ್ಲಿ ಬಾಚಣಿಗೆ ಅಲುಗುತ್ತದೆ. ಹೊಸ ಸಿನಿಮಾ ಬಂದು ಒಂದು ವಾರ ಕಳೆಯುವಷ್ಟರಲ್ಲಿ ಯಾವ ಮಾತಿನ ನಂತರ ಸದ್ದು ಬರುತ್ತದೆ ಎಂದು ನಮ್ಮಿಬ್ಬರ ಕೈಗೂ ಬಾಯಿಪಾಠ. ಸದ್ದಿಗೆ ಒಂದು ಉಸಿರು ಮುಂಚೆ ಗಿರಾಕಿಯ ಗಂಟಲಿಂದ ಕತ್ತಿ ಮೇಲೆತ್ತುತ್ತಿದ್ದೆವು, ಸದ್ದು ಮುಗಿದ ಮೇಲೆ ಮತ್ತೆ ಇಡುತ್ತಿದ್ದೆವು. ಗೊತ್ತಿಲ್ಲದ ಗಿರಾಕಿಗಳು ಇವರಿಗೇನು ಹುಚ್ಚೋ ಎಂದು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದರು.

ಗುಡುಗಣ್ಣ ಎಂದು ಆ ಹೀರೋಗೆ ಹೆಸರಿಟ್ಟವರು ನಮ್ಮಂಥ ಅಭಿಮಾನಿಗಳು. ಎತ್ತರ ಸಾಧಾರಣ, ಕುಣಿತ ಅಷ್ಟಕ್ಕಷ್ಟೇ, ಕಥೆ ಕೇಳಿದರೆ ಎಲ್ಲ ಸಿನಿಮಾದ್ದೂ ಒಂದೇ. ಅವನ ದನಿ ಮಾತ್ರ ಎದೆಗೂಡಿನ ತಳದಿಂದ ಎದ್ದು, ಗಂಟಲಲ್ಲಿ ಜಲ್ಲಿಕಲ್ಲು ಉರುಳಿಸಿಕೊಂಡು ಬರುತ್ತಿತ್ತು. ಅಣ್ಣ ಆ ದನಿಯನ್ನು ಕಲಿತದ್ದು ಸಿನಿಮಾ ನೋಡಿ ಅಲ್ಲ, ಗೋಡೆಯ ಮೂಲಕ ಕೇಳಿ. ಮುಖ ಕಾಣದೆ, ಹಾಡು ಕುಣಿತ ಏನೂ ಕಾಣದೆ, ದಿನವಿಡೀ ಬರೀ ದನಿ. ಒಂದು ದಿನ ಸುಮ್ಮನೆ ಗಿರಾಕಿಯೊಬ್ಬನಿಗೆ 'ತಲೆ ಎತ್ತು' ಎನ್ನುವುದನ್ನು ಗುಡುಗಣ್ಣನ ದನಿಯಲ್ಲಿ ಹೇಳಿದ. ಗಿರಾಕಿ ಬೆಚ್ಚಿ ತಲೆ ಎತ್ತಿದ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಅಣ್ಣನಿಗೆ 'ಜೂನಿಯರ್' ಎಂಬ ಹೆಸರು ಅಂಟಿಕೊಂಡಿತು, ಸ್ವಂತ ಹೆಸರನ್ನು ಊರು ಮರೆಯಿತು.

ಆಮೇಲೆ ಅಂಗಡಿಗೆ ಬರುವವರು ಅರ್ಧ ಕೂದಲಿಗೆ ಬಂದರೆ ಅರ್ಧ ದನಿಗೆ ಬರುತ್ತಿದ್ದರು. 'ಜೂನಿಯರ್, ಒಂದು ಹೊಡೀರಿ' ಎಂದರೆ ಸಾಕು, ಅಣ್ಣ ಕತ್ತರಿ ಆಡಿಸುತ್ತಲೇ ಶುರು ಮಾಡುತ್ತಿದ್ದ. ತರಕಾರಿ ಕೊಳ್ಳಲು ಹೋದರೆ ಅಂಗಡಿಯವಳು ಅದೇ ಕೇಳುತ್ತಿದ್ದಳು. ಬಸ್ಸಿನಲ್ಲಿ ಕಂಡಕ್ಟರ್, ಮದುವೆ ಮನೆಯಲ್ಲಿ ಗಂಡಿನ ಕಡೆಯವರು, ಆಸ್ಪತ್ರೆಯಲ್ಲಿ ಮಲಗಿದ್ದ ನಮ್ಮ ದೊಡ್ಡಮ್ಮ ಕೂಡ. ಯಾರು ಕೇಳಿದರೂ ಇಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ. ಫೋನ್ ಎತ್ತಿದರೂ ಮೊದಲ ಮಾತು ಗುಡುಗಣ್ಣನದೇ. ನಾನಂತೂ ಅವನ ತಮ್ಮ ಎಂದು ಹೇಳಿಕೊಂಡು ಎದೆ ಉಬ್ಬಿಸಿ ತಿರುಗುತ್ತಿದ್ದೆ.

ಒಪ್ಪದವಳು ಅತ್ತಿಗೆ ಒಬ್ಬಳೇ. ಅವಳು ಬ್ರೆಡ್ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಲ್ಲಿ ಕೆಲಸ ಮಾಡುವವಳು. ಇಡೀ ದಿನ ಯಂತ್ರದ ಸದ್ದಿನಲ್ಲಿ ನಿಂತು ಮನೆಗೆ ಬಂದರೆ ಅವಳಿಗೆ ಇನ್ನೊಂದು ಸದ್ದು ಬೇಕಿರಲಿಲ್ಲ.

"ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋದು ನಿಮ್ಮನ್ನ ನೋಡೇ ಮಾಡಿರ್ಬೇಕು. ಊರಿಗೆಲ್ಲ ಅವನ ದನಿ ಕೊಡಿ, ಬೇಡ ಅನ್ನಲ್ಲ. ನನ್ನ ಹತ್ರ ನಿಮ್ಮ ದನೀಲಿ ಮಾತಾಡಿ" ಎನ್ನುತ್ತಿದ್ದಳು.

ಅಣ್ಣ ಅದಕ್ಕೆ ಒಪ್ಪಿದ್ದ. ಅಡುಗೆ ಮನೆಯ ಹೊಸ್ತಿಲು ದಾಟಿದರೆ ಗುಡುಗಣ್ಣ ಹೊರಗೆ. ಅಲ್ಲಿ ಅವರಿಬ್ಬರೂ ಪಾತ್ರೆ ತೊಳೆಯುತ್ತ, ಒರೆಸುತ್ತ ಸಣ್ಣಗೆ ಮಾತಾಡಿಕೊಳ್ಳುತ್ತಿದ್ದರು. ಹೆಚ್ಚಾಗಿ ದೂರುಗಳೇ. ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು, ಬೆರಳಿಗೆ ಉಗುಳು ಹಚ್ಚಿ ನೋಟು ಎಣಿಸಿ ಕೊಡುವ ಗಿರಾಕಿ, ಪ್ಯಾಕಿಂಗ್ ಕೋಣೆಯಲ್ಲಿ ಇವಳ ಚಪ್ಪಲಿ ಹಾಕಿಕೊಂಡು ಹೋಗುವ ಒಬ್ಬಾಕೆ. ಗೊಣಗುವುದು ನಮ್ಮ ವಂಶಕ್ಕೇ ಬಂದ ಆಸ್ತಿ. ಅಣ್ಣ ಗೊಣಗುವಾಗ ಮಾತ್ರ ಅವನು ಅವನಾಗಿರುತ್ತಿದ್ದ ಎಂದು ಈಗ ಹೇಳಬಲ್ಲೆ. ಆಗ ನಾನು ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದೆ.

ಗುಡುಗಣ್ಣನ ದೊಡ್ಡ ಸಿನಿಮಾ ಬಂದ ವರ್ಷ ಅಣ್ಣನ ಅನುಕರಣೆ ಎಲ್ಲಿಲ್ಲದ ಹಾಗೆ ಏರಿತು. ಅದುವರೆಗೆ ಅವನು ಮಾಡುತ್ತಿದ್ದುದು ಚೆನ್ನಾಗಿತ್ತು, ಈಗ ಥೇಟ್ ಗುಡುಗಣ್ಣನೇ. ಗಂಟಲಿನ ಆ ಜಲ್ಲಿ, ಮಾತಿನ ಕೊನೆಗೆ ಬರುವ ಆ ಗರಗರ, ಒಂದೂ ಬಿಡದೆ ಬಂತು. ಕಣ್ಣು ಮುಚ್ಚಿ ಕೇಳಿದರೆ ಗೋಡೆಯ ಆಚೆ ಯಾರು ಈಚೆ ಯಾರು ಗೊತ್ತಾಗುತ್ತಿರಲಿಲ್ಲ.

"ಏನ್ ಮಾಡಿದ್ರಿ ಜೂನಿಯರ್? ಸಾಧನೆ ಅಂದ್ರೆ ಇದು!" ಎಂದು ಗಿರಾಕಿಗಳು ಬೆನ್ನು ತಟ್ಟಿದರು.

"ಏನೂ ಮಾಡಿಲ್ಲ ಸಾರ್, ತಾನಾಗೇ ಬರ್ತಿದೆ" ಎಂದು ಅಣ್ಣ ನಗುತ್ತಿದ್ದ. ನಿಜವನ್ನೇ ಹೇಳುತ್ತಿದ್ದ.

ಅಭಿಮಾನಿ ಸಂಘದವರು ಒಂದು ಬಾಡಿಗೆ ಹಾಲ್‌ನಲ್ಲಿ ಅನುಕರಣೆ ಸ್ಪರ್ಧೆ ಇಟ್ಟರು. ಅಣ್ಣ ಮೈಕಿನ ಮುಂದೆ ನಿಂತು ಬಾಯಿ ತೆರೆದಾಗ ಜನ ಕುರ್ಚಿಗಳ ಮೇಲೆ ಹತ್ತಿ ನಿಂತು ಸಿಳ್ಳೆ ಹಾಕಿದರು. ಮೊದಲ ಬಹುಮಾನ ಕೊಟ್ಟರು. ಸಂಘದ ಅಧ್ಯಕ್ಷ, ಟೈರ್ ಅಂಗಡಿಯವನು, ಅಣ್ಣನನ್ನು ತಬ್ಬಿಕೊಂಡು ಕಣ್ಣೀರು ಹಾಕಿದ. ಮಾತು ಮುಗಿದ ಮೇಲೆ ಅಣ್ಣ ವೇದಿಕೆಯ ಹಿಂದೆ ಹೋಗಿ ಗೋಡೆ ಹಿಡಿದು ಕೆಮ್ಮಿದ. ನಾನು ನೀರು ತಂದುಕೊಟ್ಟು, ಬಹುಮಾನದ ಜೊತೆ ಅವನ ಫೋಟೋ ತೆಗೆದೆ.

ಅತ್ತಿಗೆ ಎರಡು ಸಲ ಹೇಳಿದಳು, ಅಡುಗೆ ಮನೆಯಲ್ಲೂ ಇವರ ದನಿ ಸರಿಯಿಲ್ಲ ಎಂದು. ದಿನವಿಡೀ ಕಿರುಚಿದರೆ ಇನ್ನೇನಾಗುತ್ತದೆ, ಉಪ್ಪುನೀರು ಮುಕ್ಕಳಿಸಿದರೆ ಹೋಗುತ್ತದೆ ಎಂದು ಅಣ್ಣ ತೇಲಿಸಿದ. ಊರೆಲ್ಲ ಚಪ್ಪಾಳೆ ತಟ್ಟುತ್ತಿರುವುದಕ್ಕೆ ಔಷಧಿ ತೆಗೆದುಕೊಳ್ಳುವವರು ಯಾರು? ಕೊನೆಗೆ ನೀರು ನುಂಗುವುದೂ ಕಷ್ಟವಾದಾಗ ಆಸ್ಪತ್ರೆಗೆ ಹೋದೆವು.

ಗಂಟಲ ಡಾಕ್ಟರು ಮೂಗಿನಿಂದ ತೆಳ್ಳನೆಯ ಕೊಳವೆ ಇಳಿಸಿ ನೋಡಿದರು.

"ಇವರ ದನಿ ಯಾವಾಗಿನಿಂದ ಹೀಗಾಗಿದೆ?" ಎಂದು ಕೇಳಿದರು.

ಅಣ್ಣ ನನ್ನ ಮುಖ ನೋಡಿದ. ನಾನು ಅತ್ತಿಗೆಯ ಮುಖ ನೋಡಿದೆ. "ಯಾವ ದನಿ ಡಾಕ್ಟ್ರೇ?" ಎಂದು ನಾನು ಕೇಳಿದೆ. ಡಾಕ್ಟರಿಗೆ ಅರ್ಥವಾಗಲಿಲ್ಲ. ಅಣ್ಣನಿಗೆ ಎರಡು ದನಿ ಇದ್ದುದನ್ನು ಅರ್ಥ ಮಾಡಿಸಿದ ಮೇಲೆ ಅವರು ಕೊಳವೆಯನ್ನು ಇನ್ನೊಮ್ಮೆ ಇಳಿಸಿ ನೋಡಿದರು. ಗಂಟಲಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಗಡ್ಡೆ ಧ್ವನಿಪೆಟ್ಟಿಗೆಯ ತುಂಬ ಹರಡಿದೆ, ಆರೇಳು ತಿಂಗಳ ಹಿಂದೆ ಬಂದಿದ್ದರೆ ಬೇರೆ ದಾರಿ ಇತ್ತು, ಈಗ ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಆರೇಳು ತಿಂಗಳ ಹಿಂದೆ ನಾವು ಸಿಳ್ಳೆ ಹಾಕುತ್ತಿದ್ದೆವು. ಆ ಗರಗರಕ್ಕೆ, ಆ ಜಲ್ಲಿಗೆ, ಆ ಗಡ್ಡೆಗೆ ಒಂದು ಹಾಲ್ ತುಂಬ ಜನ ಎದ್ದು ನಿಂತು ಚಪ್ಪಾಳೆ ತಟ್ಟಿ ಮೊದಲ ಬಹುಮಾನ ಕೊಟ್ಟಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನಮ್ಮ ಒಲೆ ಉರಿದದ್ದೂ ಹಾಗೆಯೇ.

ಅದೇ ಆಸ್ಪತ್ರೆಯಲ್ಲಿ ಮಾತು ಕಳೆದುಕೊಂಡವರಿಗೆ ಪಾಠ ಹೇಳುವ ಒಬ್ಬರಿದ್ದರು. ರೋಗಿಗಳೆಲ್ಲ ಅವರನ್ನು 'ಮಾತಿನ ಮೇಡಂ' ಎನ್ನುತ್ತಿದ್ದರು. ಆಪರೇಷನ್‌ಗೆ ಮೊದಲು ಅವರು ಅಣ್ಣನ ಫೋನಿಗೆ ಏನೋ ಒಂದು ಹಾಕಿಕೊಟ್ಟರು. ಅದು ಪರದೆಯ ಮೇಲೆ ತೋರಿಸುವ ವಾಕ್ಯಗಳನ್ನು ಓದುತ್ತ ಹೋಗಬೇಕು. ಸಾಕಷ್ಟು ಓದಿದರೆ ಅದು ಆ ದನಿಯನ್ನು ಕಲಿಯುತ್ತದೆ. ಮುಂದೆ ಏನನ್ನು ಬೆರಳಲ್ಲಿ ಒತ್ತಿದರೂ ಅದೇ ದನಿಯಲ್ಲಿ ಹೇಳುತ್ತದೆ.

"ನಿಮ್ಮ ದನಿ ಈಗ ಸ್ವಲ್ಪ ಒಡೆದಿದೆ, ಪರವಾಗಿಲ್ಲ. ಎಷ್ಟು ಬರುತ್ತೋ ಅಷ್ಟು ಓದಿ" ಎಂದರು ಮೇಡಂ.

ಅತ್ತಿಗೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಒಂದೇ ಮಾತು ಹೇಳಿದಳು: "ಹೇಗಿದ್ರೂ ಸರಿ ರೀ. ಒಡೆದಿದ್ರೂ ಸರಿ. ನಿಮ್ದೇ ಇರ್ಲಿ."

ಅಣ್ಣ ತಲೆಯಾಡಿಸಿದ. ಓದುವುದಕ್ಕೆ ಸಲೂನೇ ಸರಿ ಎಂದು ತೀರ್ಮಾನಿಸಿದ. ಥಿಯೇಟರಿನ ಸದ್ದು ಗೋಡೆ ದಾಟಿ ಬರುವುದರಿಂದ ಮೊದಲ ಆಟ ಶುರುವಾಗುವುದಕ್ಕೆ ಮುಂಚೆ, ಬೆಳಗ್ಗೆಯೇ ಹೋಗಿ ಒಳಗಿಂದ ಶಟರ್ ಎಳೆದುಕೊಂಡ. ನಾನೂ ಬರುತ್ತೇನೆ ಎಂದರೆ ಬೇಡವೆಂದ. "ಯಾರಾದ್ರೂ ಕೇಳಿಸ್ಕೊಳ್ತಾ ಇದ್ರೆ ನನಗೆ ಬರಲ್ಲ ಕಣೋ" ಎಂದ. ಊರ ಮುಂದೆ ನಿಂತು ಗುಡುಗುತ್ತಿದ್ದ ಮನುಷ್ಯನಿಗೆ ಸ್ವಂತ ದನಿಯಲ್ಲಿ ನಾಲ್ಕು ವಾಕ್ಯ ಓದಲು ಇಷ್ಟು ಸಂಕೋಚವೇ ಎಂದು ನನಗೆ ಪಾಪ ಅನ್ನಿಸಿತು. ಕೆಲವು ದಿನ ಹೀಗೆ ಹೋಗಿ ಬಂದು, ಮುಗಿಯಿತು, ಚೆನ್ನಾಗಿ ಬಂದಿದೆ ಎಂದ. ಅದಾದ ಮೇಲೆ ಆಪರೇಷನ್ ಆಯಿತು.

ಧ್ವನಿಪೆಟ್ಟಿಗೆ ತೆಗೆದವರು ಉಸಿರಾಡುವುದು ಮೂಗಿನಿಂದ ಅಲ್ಲ, ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ. ಇದು ನನಗೆ ಮೊದಲು ಹೊಳೆದಿರಲಿಲ್ಲ. ತೂತಿಗೆ ದೂಳು ಹೋಗಬಾರದು, ಪೌಡರ್ ಹೋಗಬಾರದು, ಕೂದಲಂತೂ ಹೋಗಲೇಬಾರದು ಎಂದರು ಡಾಕ್ಟರು. ಸಲೂನಿನಲ್ಲಿ ಇನ್ನೇನಿದೆ? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಡ್ಡ ತೆಗೆಯುತ್ತಿದ್ದ ಕೈ ಅವನದು. ಆ ಕೈಗೆ ಏನೂ ಆಗಿರಲಿಲ್ಲ, ಕೈ ಹಾಗೇ ಇತ್ತು. ಬಾಗಿಲ ಕಡೆಯ ಕುರ್ಚಿಗೆ ನಾನು ಬಟ್ಟೆ ಹೊದಿಸಿದೆ.

ಮನೆಗೆ ಬಂದ ದಿನ ಸಂಜೆ ಅತ್ತಿಗೆ ಅವನ ದಿಂಬು ಸರಿಮಾಡಿ, ತಾನು ತಟ್ಟೆ ಹಿಡಿದು ಅಡುಗೆ ಮನೆಗೆ ಹೊರಟಿದ್ದಳು. ಅಣ್ಣ ಫೋನ್ ತೆಗೆದುಕೊಂಡು ನಿಧಾನವಾಗಿ ಒತ್ತಿದ. ಮೊದಲ ಸಲ ಅದು ಮಾತಾಡಿತು.

"ನೀನು ಊಟ ಮಾಡಿದ್ಯಾ?"

ಗುಡುಗಣ್ಣ. ಎದೆಗೂಡಿನ ತಳದಿಂದ, ಜಲ್ಲಿ ಉರುಳಿಸಿಕೊಂಡು, ಸಿನಿಮಾದಲ್ಲಿ ಶತ್ರುವಿನ ಮನೆ ಬಾಗಿಲು ಒದೆಯುವಾಗ ಬರುವ ಅದೇ ದನಿ. ಕಿಟಕಿಯ ಗಾಜು ಸಣ್ಣಗೆ ಅದುರಿತು. ಅತ್ತಿಗೆಯ ಕೈಯಲ್ಲಿನ ತಟ್ಟೆ ಓರೆಯಾಯಿತು. ನನಗೆ, ದೇವರಾಣೆ, ನಗು ಬಂತು. ನಕ್ಕೂಬಿಟ್ಟೆ. ಅತ್ತಿಗೆಯ ಮುಖ ನೋಡಿ ನಿಲ್ಲಿಸಿದೆ.

"ಅದನ್ನ ಆಫ್ ಮಾಡಿ" ಎಂದಳು.

ಅಣ್ಣ ಮತ್ತೆ ಒತ್ತಿದ. ಅದು ಹೇಳಿತು: "ಕೋಪ ಮಾಡ್ಕೋಬೇಡ."

"ಆಫ್ ಮಾಡಿ ಅಂದೆ. ನನಗೆ ಕೊಟ್ಟ ಮಾತೇನು? ನಿಮ್ದೇ ಇರ್ಲಿ ಅಂದಿರ್ಲಿಲ್ವಾ ನಾನು? ಒಡೆದಿದ್ರೂ ಸರಿ ಅಂದಿರ್ಲಿಲ್ವಾ?"

ಅಣ್ಣ ತುಂಬ ಹೊತ್ತು ಒತ್ತುತ್ತ ಕೂತ. ಆಮೇಲೆ ಆ ದೊಡ್ಡ ದನಿ ಮನೆ ತುಂಬಿತು. "ನನ್ನ ದನಿ ಹರಿದು ಹೋಗಿತ್ತು. ಒಂದು ವಾಕ್ಯ ಓದೋಷ್ಟರಲ್ಲಿ ಬರೀ ಗಾಳಿ, ಕೆಮ್ಮು. ನನಗೇ ಕೇಳೋಕೆ ಆಗ್ಲಿಲ್ಲ. ಅಂಥದ್ದನ್ನ ನಿನ್ನ ಕಿವಿಗೆ ದಿನಾ ಹೇಗೆ ಹಾಕ್ಲಿ? ಅವನ ದನೀಲಿ ಓದಿದ್ರೆ ಒಡಕು ಗೊತ್ತಾಗ್ತಿರ್ಲಿಲ್ಲ. ಎಲ್ಲರಿಗೂ ಇಷ್ಟವಾದ ದನಿ ಅಲ್ವಾ ಅಂದ್ಕೊಂಡೆ."

ಅತ್ತಿಗೆ ತಟ್ಟೆ ಕೆಳಗಿಟ್ಟು ಅಡುಗೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲನ್ನು ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲಿನ ದಿನಗಳು ಹಾಗೇ. ಅಣ್ಣ ಫೋನ್ ಒತ್ತಿದರೆ ಅತ್ತಿಗೆ ಎದ್ದು ಹೋಗುವಳು. ಮನೆಯಲ್ಲಿ ಪರ ಗಂಡಸೊಬ್ಬ ತನ್ನನ್ನು ಹೆಸರು ಹಿಡಿದು ಕರೆದ ಹಾಗಾಗುತ್ತದೆ, ಏನು ಮಾಡಲಿ ಎಂದು ನನ್ನ ಹತ್ತಿರ ಅತ್ತಳು. ನಾನು ಮಾತಿನ ಮೇಡಂ ಹತ್ತಿರ ಹೋದೆ. ಅವರಿಗೂ ಬೇಜಾರಾಯಿತು. ಹೊಸದಾಗಿ ಓದಿಸಲು ದನಿಯೇ ಇಲ್ಲ, ಆದರೆ ಅವರು ಚೆನ್ನಾಗಿದ್ದಾಗ ಮಾತಾಡಿದ್ದು ಎಲ್ಲಾದರೂ ರೆಕಾರ್ಡ್ ಆಗಿದ್ದರೆ ತನ್ನಿ, ಹತ್ತು ಹದಿನೈದು ನಿಮಿಷದ್ದಿದ್ದರೂ ಅದರಿಂದ ಏನಾದರೂ ಮಾಡೋಣ ಎಂದರು.

ಹತ್ತು ಹದಿನೈದು ನಿಮಿಷ ತಾನೇ ಎಂದು ನಾನು ಉತ್ಸಾಹದಿಂದ ಹೊರಟೆ. ಜನ ಅಣ್ಣನನ್ನು ವಿಡಿಯೋ ಮಾಡಿದಷ್ಟು ನಮ್ಮ ಬೀದಿಯಲ್ಲಿ ಇನ್ನಾರನ್ನೂ ಮಾಡಿಲ್ಲ. ಸಂಘದ ಅಧ್ಯಕ್ಷ ಒಂದು ರಾಶಿ ಕಳಿಸಿದ. ಗುಡುಗಣ್ಣ. ಗಿರಾಕಿಗಳು ಕಳಿಸಿದರು. ಗುಡುಗಣ್ಣ. ನೆಂಟರ ಮದುವೆಗಳ ವಿಡಿಯೋ ಹುಡುಕಿಸಿದೆ, ಎಲ್ಲದರಲ್ಲೂ ಮೈಕ್ ಹಿಡಿದ ಗುಡುಗಣ್ಣ. ಕೊನೆಗೆ ಅಣ್ಣನ ಮದುವೆಯದನ್ನೇ ಹಾಕಿದೆ. ಅತ್ತಿಗೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಂದವರಿಗೆಲ್ಲ 'ಊಟ ಮಾಡಿ ಹೋಗಿ' ಎಂದು ಗುಡುಗುತ್ತಿದ್ದ. ಸುತ್ತಲೂ ನಗು, ಆ ನಗುವಿನಲ್ಲಿ ಎಲ್ಲಕ್ಕಿಂತ ಜೋರಾದದ್ದು ನನ್ನದು. ಅತ್ತಿಗೆಯ ಜೊತೆ ಅವನು ಅಡುಗೆ ಮನೆಯಲ್ಲಿ ಆಡಿದ ಮಾತನ್ನು ಯಾರು ಹಿಡಿದಿಡುತ್ತಾರೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹುಡುಕುತ್ತ ಹುಡುಕುತ್ತ ನನಗೆ ಒಂದು ಭಯ ಹತ್ತಿತು. ಅಣ್ಣನ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದರೆ ನನಗೂ ಗುಡುಗಣ್ಣನೇ ಕೇಳಿಸುತ್ತಿದ್ದ. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತವನು ನಾನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸಿಕ್ಕಿದ್ದು ಕಡೆಗೆ ನನ್ನ ಫೋನಿನಲ್ಲೇ. ಜಾಗ ಸಾಲದೆಂದು ಹಳೆಯದನ್ನೆಲ್ಲ ಅಳಿಸುತ್ತ ಕೂತಿದ್ದೆ. ಮೊದಲ ದಿನ ಮೊದಲ ಆಟಗಳಲ್ಲಿ ನಾನು ಎತ್ತಿ ಹಿಡಿದು ತೆಗೆದ ಎಂಟ್ರಿಗಳು, ಒಂದರ ಹಿಂದೆ ಒಂದು. ಒಂದರಲ್ಲಿ ಕತ್ತಲೆ, ಅಲುಗಾಡುವ ಪರದೆ, ಸಿಳ್ಳೆ. ಅಷ್ಟರಲ್ಲಿ ಫೋನಿಗೆ ತೀರ ಹತ್ತಿರದಿಂದ ಯಾರೋ ಬೈಯುತ್ತಾರೆ.

"ಏಯ್, ಫೋನ್ ಕೆಳಗಿಡೋ. ಹಿಂದೆ ಕೂತವ್ರಿಗೆ ಕಾಣ್ಬೇಡ್ವಾ? ಕಣ್ಣಿರೋದು ಯಾತಕ್ಕೆ, ಕಣ್ಣಲ್ಲಿ ನೋಡೋ. ಮನೆಗೆ ಹೋದ್ಮೇಲೆ ಯಾವನು ನೋಡ್ತಾನೆ ಇದನ್ನ..."

ಅಲ್ಲಿಗೆ ಪರದೆಯ ಮೇಲೆ ಗುಡುಗಣ್ಣ ಬಾಯಿ ತೆರೆಯುತ್ತಾನೆ. ಮುಂದಿನದೆಲ್ಲ ಅವನ ಅಬ್ಬರದಲ್ಲಿ ಮುಚ್ಚಿಹೋಗಿದೆ.

ಯಾರಪ್ಪ ಇವನು ಎಂದುಕೊಂಡೆ ಮೊದಲು. ತೆಳ್ಳನೆಯ ದನಿ, ಸ್ವಲ್ಪ ಮೂಗಿನದು, ದಿನಸಿ ಅಂಗಡಿಯಲ್ಲಿ ಕೇಳಿದರೆ ಯಾರೂ ತಿರುಗಿ ನೋಡದಂಥದ್ದು. ಆಮೇಲೆ, ನನ್ನ ಪಕ್ಕದ ಸೀಟಿನಲ್ಲಿ ಯಾವಾಗಲೂ ಕೂರುತ್ತಿದ್ದವನು ಒಬ್ಬನೇ ಎಂದು ನೆನಪಾಯಿತು. ಅಂಗಡಿಯ ಶಟರ್ ಅರ್ಧಕ್ಕೆ ಎಳೆದು ಮನೆಗೆ ಓಡಿದೆ.

ಅತ್ತಿಗೆ ಕೆಲಸದಿಂದ ಆಗಷ್ಟೇ ಬಂದಿದ್ದಳು. ಅಣ್ಣ ಕಿಟಕಿಯ ಪಕ್ಕ ಕೂತಿದ್ದ. ನಾನು ಏನೂ ಹೇಳದೆ ಹಾಕಿದೆ. 'ಏಯ್' ಎನ್ನುವಷ್ಟರಲ್ಲೇ ಅತ್ತಿಗೆಗೆ ಗೊತ್ತಾಯಿತು. ಇದ್ದಲ್ಲೇ ನೆಲದ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಮುಗಿದ ಮೇಲೆ "ಇನ್ನೊಂದ್ಸಲ" ಎಂದಳು. ಮತ್ತೆ ಹಾಕಿದೆ.

ಅಣ್ಣ ಹುಬ್ಬು ಗಂಟಿಕ್ಕಿ ಕೇಳಿದ. ತನ್ನ ಫೋನ್ ತೆಗೆದುಕೊಂಡು ಒತ್ತಿದ. ಆ ದೊಡ್ಡ ದನಿ ಕೇಳಿತು: "ಯಾರಿದು?"

"ನೀವೇ ರೀ" ಎಂದಳು ಅತ್ತಿಗೆ.

ಅಣ್ಣ ಇಲ್ಲವೆಂದು ತಲೆಯಾಡಿಸಿದ. ನಾನು ಮೂರನೆಯ ಸಲ ಹಾಕಿದೆ. ಈ ಸಲ ಅವನು ಫೋನನ್ನು ನನ್ನ ಕೈಯಿಂದ ತೆಗೆದು ಕಿವಿಗೆ ಹಿಡಿದು ಕೇಳಿದ. ಕುತ್ತಿಗೆಯ ತೂತಿನ ಮೇಲಿನ ಬಟ್ಟೆ ಮೇಲೆ ಕೆಳಗೆ ಆಗುತ್ತಿತ್ತು. ಆಮೇಲೆ ತನ್ನ ಫೋನಿನಲ್ಲಿ ಒತ್ತಿದ.

"ಇಷ್ಟು ತೆಳ್ಳಗಿತ್ತಾ? ಇದನ್ನ ಕೇಳೋಕೆ ಯಾರು ಬರ್ತಿದ್ರು?"

"ನಾನು ಬಂದಿದ್ನಲ್ಲ" ಎಂದಳು ಅತ್ತಿಗೆ.

ಅಣ್ಣ ಅಳುವುದನ್ನು ನಾನು ಅಂದು ನೋಡಿದೆ. ಧ್ವನಿಪೆಟ್ಟಿಗೆ ಇಲ್ಲದವರ ಅಳುವಿಗೆ ಸದ್ದಿರುವುದಿಲ್ಲ, ಬರೀ ಗಾಳಿ. ಅತ್ತಿಗೆ ಎದ್ದು ಹೋಗಿ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಮಾತಿನ ಮೇಡಂ ಆ ತುಣುಕನ್ನು ಕೇಳಿ, ಇಷ್ಟರಿಂದ ಏನೂ ಮಾಡಲಾಗುವುದಿಲ್ಲ, ಅದರ ಮೇಲೆ ಸಿಳ್ಳೆ ಬೇರೆ ಇದೆ ಎಂದರು. ಅಣ್ಣ ಆಮೇಲೆ ಮನೆಯಲ್ಲಿ ಮಾತಾಡಲು ಆ ಫೋನ್ ಮುಟ್ಟಲಿಲ್ಲ. ಸನ್ನೆ ಮಾಡುತ್ತಿದ್ದ, ಅತ್ತಿಗೆಯ ಅಂಗೈಯ ಮೇಲೆ ಬೆರಳಲ್ಲಿ ಅಕ್ಷರ ಬರೆಯುತ್ತಿದ್ದ. ಅವಳು ಓದಿ ನಗುತ್ತಿದ್ದುದೂ ಉಂಟು. ಏನು ಬರೆದ ಎಂದು ಕೇಳಿದರೆ, "ಮೇಲಿನ ಮನೆಯವ್ರು ಕುರ್ಚಿ ಎಳೀತಿದಾರಂತೆ" ಎನ್ನುವಳು. ನನಗೆ ಆಗ ಎದೆ ಹಗುರವಾಗುತ್ತಿತ್ತು. ಅದು ಬಹಳ ದಿನ ಉಳಿಯಲಿಲ್ಲ. ಕಾಯಿಲೆ ಕುತ್ತಿಗೆಯ ಇನ್ನೊಂದು ಬದಿಯಲ್ಲಿ ಎದ್ದಿತು. ಈ ಸಲ ಡಾಕ್ಟರು ತೆಗೆಯುವ ಮಾತಾಡಲಿಲ್ಲ. ನೋವಿಗೆ ಮಾತ್ರ ಔಷಧಿ ಕೊಟ್ಟರು. ಒಂದು ಮಧ್ಯಾಹ್ನ ಅತ್ತಿಗೆಯ ಅಂಗೈ ಹಿಡಿದುಕೊಂಡೇ ಹೋದ. ಏನೋ ಬರೆಯಲು ಶುರು ಮಾಡಿದ್ದ, ಅಕ್ಷರ ಪೂರ್ತಿಯಾಗಲಿಲ್ಲ ಎಂದು ಅವಳು ಹೇಳಿದಳು.

ಅಭಿಮಾನಿ ಸಂಘದವರು ನಮ್ಮ ಅಂಗಡಿಯ ಮುಂದೆ ಬ್ಯಾನರ್ ಕಟ್ಟಿದರು. ಅದರಲ್ಲಿ ಕೈ ಮುಗಿದು ನಿಂತ ಗುಡುಗಣ್ಣ ಬಾಗಿಲಿನಷ್ಟು ದೊಡ್ಡದು. ಅಣ್ಣ ಮೂಲೆಯಲ್ಲಿ, ಅಂಚೆ ಚೀಟಿಯಷ್ಟು. ಹಾಕಿದ್ದು ಆ ಬಹುಮಾನದ ಫೋಟೋ, ನಾನೇ ತೆಗೆದದ್ದು. ಟೈರ್ ಅಂಗಡಿಯವನು "ಅವರ ದನಿ ಅಮರ" ಎಂದು ಭಾಷಣ ಮಾಡಿದ. ಯಾರ ದನಿ ಮಾರಾಯ ಎಂದು ಕೊರಳಪಟ್ಟಿ ಹಿಡಿದು ಕೇಳಬೇಕೆನ್ನಿಸಿತು. ಅವನೂ ನಿಜವಾಗಿ ಅಳುತ್ತಿದ್ದ, ಆದ್ದರಿಂದ ಸುಮ್ಮನಾದೆ. ಅವರೆಲ್ಲ ಹೋದ ಮೇಲೆ ಬ್ಯಾನರ್ ಬಿಚ್ಚಿ ಸುತ್ತಿಟ್ಟೆ.

ಅತ್ತಿಗೆ ಕೆಲಸಕ್ಕೆ ಮರಳಿದಳು. ಆ ತುಣುಕು ಅವಳ ಫೋನಿನಲ್ಲಿದೆ. ಸಂಜೆ ಪಾತ್ರೆ ತೊಳೆಯುವಾಗ ಅಡುಗೆ ಮನೆಯಿಂದ ಕೇಳುತ್ತದೆ, 'ಏಯ್, ಫೋನ್ ಕೆಳಗಿಡೋ'. 'ಯಾವನು ನೋಡ್ತಾನೆ ಇದನ್ನ' ಎನ್ನುವಲ್ಲಿಗೆ ಅವಳು ಒದ್ದೆ ಬೆರಳಲ್ಲೇ ನಿಲ್ಲಿಸುತ್ತಾಳೆ, ಗುಡುಗಣ್ಣನಿಗೆ ಬಾಯಿ ತೆರೆಯಲು ಬಿಡುವುದಿಲ್ಲ. ಮತ್ತೆ ಮೊದಲಿನಿಂದ ಹಾಕುತ್ತಾಳೆ.

ಮೊನ್ನೆ ಗುಡುಗಣ್ಣನ ಹೊಸ ಸಿನಿಮಾ ಬಂತು. ನಾನು ಹೋಗುವುದಿಲ್ಲ ಎಂದಿದ್ದೆ. ಗೋಡೆಯಿಂದ ಕೇಳುವುದೇ ಸಾಕಾಗಿತ್ತು. "ಹೋಗಿ ಬಾ. ನಿಮ್ಮಣ್ಣ ಇದ್ದಿದ್ರೆ ಎಳ್ಕೊಂಡು ಹೋಗ್ತಿದ್ರು" ಎಂದಳು ಅತ್ತಿಗೆ. ಹೋದೆ. ಪಕ್ಕದ ಸೀಟಿನಲ್ಲಿ ಯಾರೋ ತನ್ನ ಚೀಲ ಇಟ್ಟಿದ್ದ, ಅದಕ್ಕೂ ಸಿಟ್ಟು ಬಂತು. ದೀಪ ಆರಿತು, ಸಿಳ್ಳೆ ಶುರುವಾಯಿತು. ಗುಡುಗಣ್ಣನ ಬೂಟು ಪರದೆಯ ಮೇಲೆ ಕಂಡದ್ದೇ ತಡ, ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಸರಿಯಾಗಿ ಅಡ್ಡ ಬರುವ ಹಾಗೆ ಫೋನ್ ಎತ್ತಿದ. ಪಿತ್ತ ನೆತ್ತಿಗೇರಿತು. ಅವನ ಹೆಗಲಿಗೆ ತಟ್ಟಿ ಬೈಯಲು ಮುಂದಕ್ಕೆ ಬಾಗಿದೆ.

ಅಷ್ಟರಲ್ಲಿ ಅವನ ಪಕ್ಕದಲ್ಲಿದ್ದ ಹೆಂಗಸು, ಅಕ್ಕನೋ ತಾಯಿಯೋ ಕತ್ತಲಲ್ಲಿ ಗೊತ್ತಾಗಲಿಲ್ಲ, ಗೊಣಗತೊಡಗಿದಳು. "ಕೈ ಇಳಿಸೋ, ಹಿಂದಿನವ್ರು ಬೈತಾರೆ. ನಿಂಗೆ ಎಷ್ಟು ಹೇಳಿದ್ರೂ ಅಷ್ಟೇ."

ನಾನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಅವನ ಫೋನಿನಲ್ಲಿ ದಾಖಲಾಗುತ್ತಿದ್ದ ಆಕೆಯ ಮಾತಿನ ಮೇಲೆ ನನ್ನ ದನಿ ಬೀಳಬಾರದು ಎಂದು ಉಸಿರು ಬಿಗಿಹಿಡಿದು ಕೂತೆ. ಪರದೆಯ ಮೇಲೆ ಗುಡುಗಣ್ಣ ಇನ್ನೂ ನಡೆದು ಬರುತ್ತಿದ್ದ. ಅವನು ಬಾಯಿ ತೆರೆಯುವ ಮೊದಲು ಆಕೆ ಇನ್ನೂ ನಾಲ್ಕು ಮಾತು ಬೈಯಲಿ ಎಂದು ಬೇಡಿಕೊಂಡೆ.